ಕಪಿಲೆಯ ದಡದಲ್ಲಿ ಎರಡು ಆಟಗಳು

ಮೈಸೂರಿನಿಂದ ದಕ್ಷಿಣಾಭಿಮುಖವಾಗಿ ಸುಮಾರು 23 ಕಿಲೋಮೀಟರು ಸಾಗಿ ಕಪಿಲೆಯನ್ನು ದಾಟಿದರೆ ನಂಜನಗೂಡು. ಈ ಊರಿಗೆ ಹೋಗುವವರು ಮೂರು ತೆರದವರು: ಹರಕೆ ಹೊತ್ತವರು, ಕಾಯಿಲೆಯಿಂದ ಬಳಲಿದವರು, ಮತ್ತು ರಸಬಾಳೆಯ ಹಣ್ಣಿನಲ್ಲಿ ಆಸೆಯುಳ್ಳವರು. ಮೂರು ಕಾರ್ಯಗಳನ್ನೂ ಒಂದೇ ಹಗಲಿನಲ್ಲಿ ಪೂರೈಸಿಕೊಂಡು ಸಂಜೆಯ ರೈಲಿಗೆ ಹಿಂದಿರುಗುವ ಜಾಣ ಗೃಹಸ್ಥರೂ ಉಂಟು. ಕಳೆದ ಸಂಕ್ರಾಂತಿಯ ಮಾರನೆಯ ದಿನ ನಾನು ಹೊರಟದ್ದು ಈ ಮೂರರಲ್ಲಿ ಯಾವುದಕ್ಕೂ ಅಲ್ಲ. ತಿರುಮಕೂಡಲು ನರಸೀಪುರದ ಆಚೆ, ನಾಲೆಯ ಬಯಲಿನ ಒಂದು ಹಳ್ಳಿಯಲ್ಲಿ ನಮ್ಮ ದೊಡ್ಡಪ್ಪನವರಿದ್ದಾರೆ; ಅವರಿಗೆ ಎಳ್ಳುಬೆಲ್ಲ ಕೊಟ್ಟು ನಮಸ್ಕರಿಸಿ ಬರಬೇಕಾಗಿತ್ತು. ಮೈಸೂರಿನಿಂದ ನರಸೀಪುರಕ್ಕೆ ನೇರವಾದ ದಾರಿ ಬೇರೆಯೇ ಇದೆ. ಆದರೆ ಮನೆದೇವರಾದ ಶ್ರೀಕಂಠೇಶ್ವರನಿಗೆ ಮುಖ ತೋರಿಸದೆ ಬಂದೆನೆಂದರೆ ದೊಡ್ಡಪ್ಪನವರು ನನ್ನನ್ನು ಜಗಲಿ ಹತ್ತಿಸುವವರಲ್ಲ. ಆದಕಾರಣ ಬಳಸುದಾರಿಯನ್ನೇ ಹಿಡಿದೆನು. ಸಂಗಡ ತಂಗಿಯ ಮಗಳಿದ್ದಳು. ವಯಸ್ಸು ಹದಿಮೂರು, ಕೈಯಲ್ಲಿ, ಅವಳ ತಂದೆ ಪರದೇಶದಿಂದ ತಂದುಕೊಟ್ಟ ಒಂದು ಆಟದ ಯಂತ್ರ.

ರೈಲು ಹೊಳೆಯನ್ನು ಸಮೀಪಿಸಿತು. ಪಕ್ಕದಲ್ಲಿಯೇ ಹಳೆಯ ಕಲ್ಲುಸೇತುವೆ ಕಾಣಿಸಿತು. ದಳವಾಯಿ ದೇವರಾಜನು 1735ರಲ್ಲಿ ಕಟ್ಟಿಸಿದ್ದೆಂದು ಪ್ರಸಿದ್ಧವಾದ ಆ ಸೇತುವೆಯ ಮೇಲೆ ಬಹುಕಾಲ ರೈಲೂ ಬಂಡಿಯೂ ಅಕ್ಕಪಕ್ಕದಲ್ಲಿ ಓಡಾಡಿದವು. ಈಗ ಅದು ವಿಶ್ರಾಂತಿವೇತನ ಪಡೆಯುತ್ತಿರುವ ಹಿರಿಯರಂತೆ ನೀರನ್ನು ನೋಡುತ್ತ ನಿಂತಿದೆ. "ನೋಡು, ನೋಡು" ಎಂದು ನಾನು ಉತ್ಸಾಹದಿಂದ ಕೈ ತೋರಿಸಿದೆನು. ಹುಡುಗಿ ಯಂತ್ರದಿಂದ ತಲೆಯೆತ್ತದೆ, "ಒಂದು ನಿಮಿಷ ಮಾವ, ಒಂದು ಅಸ್ಥಿಪಂಜರ ನನ್ನನ್ನು ಸೆರೆ ಹಿಡಿದಿದೆ" ಎಂದಳು.

ಸೇತುವೆ ಹಿಂದಾಯಿತು. ಅಸ್ಥಿಪಂಜರದ ವಿಚಾರವನ್ನಾದರೂ ತಿಳಿದುಕೊಳ್ಳೋಣವೆಂದು ಅವಳ ಪಕ್ಕಕ್ಕೆ ಸರಿದು ಕುಳಿತೆನು. ಸೆರೆಮನೆಯೇನೋ ಇತ್ತು. ಅದರ ಸರಳುಗಳ ನಡುವಣ ಸಂದು ಎಷ್ಟು ಅಗಲವಾಗಿತ್ತೆಂದರೆ, ಸೆರೆಯಾಳು ನೆಟ್ಟಗೆ ನಡೆದು ಹೊರಬರಬಹುದು. ಹುಡುಗಿ ಹಾಗೆಯೇ ಬಂದಳು. ನಾನು ನಕ್ಕೆನು, ಅಲ್ಲಿಂದ ಮುಂದೆ ನಂಜನಗೂಡಿನ ನಿಲ್ದಾಣದವರೆಗೆ ನಾನೂ ಆ ಆಟಕ್ಕೆ ಸೇರಿದವನಾದೆನು.

ಇಂಥ ಆಟಗಳನ್ನು ಕಂಡರಿಯದ ವಾಚಕರಿಗಾಗಿ ಎರಡು ಮಾತು ಹೇಳುವುದು ಅವಶ್ಯ. ಆಡುವವನು ತಾನು ಬೇರೊಬ್ಬನೆಂದು ಭಾವಿಸಿಕೊಂಡು, ರಾಕ್ಷಸರೂ ಮಾಯಾವಿಗಳೂ ಇರುವ ಕಲ್ಪಿತ ಲೋಕವೊಂದನ್ನು ಹೊಕ್ಕು, ಹೆಜ್ಜೆಹೆಜ್ಜೆಗೂ ತಾನೇ ತೀರ್ಮಾನ ಮಾಡುತ್ತ ಹೋಗುವ ಈ ಬಗೆಯ ವೇಷದಾಟಗಳಿಗೆ ಇಂಗ್ಲಿಷಿನಲ್ಲಿ ರೋಲ್ ಪ್ಲೇಯಿಂಗ್ ಗೇಮ್ ಎಂದು ಹೆಸರು. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ಕಾಗದ, ಪೆನ್ಸಿಲು, ದಾಳಗಳಿಂದ ಆಡುವ ಡಂಜನ್ಸ್ ಅಂಡ್ ಡ್ರಾಗನ್ಸ್ ಎಂಬ ಆಟವನ್ನು ಪ್ರಕಟಿಸಿದರು. ಮುಂದೆ ಯಂತ್ರಗಳಿಗೆ ಬಂದ ಇಂಥ ಆಟಗಳಿಗೆಲ್ಲ ಅದೇ ಮೂಲ. ಇವುಗಳಲ್ಲಿ ಹೆಚ್ಚಿನವು ನೂರಾರು ಗಂಟೆ ನುಂಗುವಂಥವು. ಅಡ್ಡ ಬಂದವರನ್ನೆಲ್ಲ ಕೊಂದು, ಕೊಂದಷ್ಟೂ ಬಲಿಷ್ಠನಾಗುತ್ತ ಹೋಗುವುದೇ ಅವುಗಳ ಧರ್ಮ. ನಮ್ಮ ಹುಡುಗಿ ಆಡುತ್ತಿದ್ದ ಅಂಡರ್‌ಟೇಲ್ ಎಂಬುದು ಚಿಕ್ಕ ಆಟ. ಆರೇಳು ಗಂಟೆಗಳಲ್ಲಿ ಮುಗಿಯುತ್ತದೆ. ಟೋಬಿ ಫಾಕ್ಸ್ ಎಂಬ ಅಮೆರಿಕದ ತರುಣನು ದೊಡ್ಡ ಕಂಪನಿಗಳ ಹಂಗಿಲ್ಲದೆ, ಕಥೆಯನ್ನೂ ಸಂಗೀತವನ್ನೂ ತಾನೇ ರಚಿಸಿ, 2013ರಲ್ಲಿ ಜನರಿಂದ 51,124 ಡಾಲರುಗಳ ಚಂದಾ ಎತ್ತಿ, 2015ರ ಸೆಪ್ಟೆಂಬರಿನಲ್ಲಿ ಅದನ್ನು ಹೊರತಂದನು. ಚಿತ್ರಗಳು ಬಹಳ ಸಾದಾ. ನಮ್ಮ ಕಾಲದ ಕಸೂತಿಪುಸ್ತಕದ ಚೌಕುಳಿಗಳನ್ನು ನೆನಪಿಗೆ ತರುವಂಥವು. ಆದರೆ ಲಕ್ಷಾಂತರ ಜನರು ಅದನ್ನು ಆಡಿದ್ದಾರೆ.

ಅದರ ಕಥೆ ಹೀಗೆ: ಬಹು ಹಿಂದೆ ಮನುಷ್ಯರಿಗೂ ವಿಕೃತರೂಪದ ಜೀವಿಗಳಿಗೂ ಯುದ್ಧವಾಗಿ, ಮನುಷ್ಯರು ಗೆದ್ದು, ಸೋತವರನ್ನು ಮಂತ್ರಬಲದಿಂದ ಪಾತಾಳದಲ್ಲಿ ಬಂಧಿಸಿದರು. ಒಂದು ದಿನ ಮನುಷ್ಯರ ಮಗುವೊಂದು ಬೆಟ್ಟದ ಬಿಲದಲ್ಲಿ ಬಿದ್ದು ಆ ಪಾತಾಳವನ್ನು ಸೇರುತ್ತದೆ. ಆಡುವವನೇ ಆ ಮಗು. ದಾರಿಯಲ್ಲಿ ಯಾವ ಜೀವಿ ಎದುರಾದರೂ ಎರಡು ಮಾರ್ಗಗಳುಂಟು: ಹೊಡೆದು ಕೊಲ್ಲಬಹುದು, ಇಲ್ಲವೆ ಮಾತಾಡಿಸಿ, ರಮಿಸಿ, ನಗಿಸಿ, ಅದರ ದುಃಖವೇನೆಂದು ತಿಳಿದು, ಬಿಟ್ಟುಬಿಡಬಹುದು. ನಾಚಿಕೆಯ ಕಪ್ಪೆ, ಅಳುಬುರುಕ ಭೂತ, ಶಾವಿಗೆ ಬೇಯಿಸಲು ಬಾರದಿದ್ದರೂ ತಾನೇ ನಳಮಹಾರಾಜನೆಂದು ತಿಳಿದ ಅಸ್ಥಿಪಂಜರ ಮೊದಲಾದವರೆಲ್ಲ ನಮ್ಮ ಶತ್ರುಗಳು! ಒಬ್ಬರನ್ನೂ ಕೊಲ್ಲದೆ ಆಟವನ್ನು ಮುಗಿಸಲು ಸಾಧ್ಯ. ಹಾಗೆ ಮುಗಿಸುವುದು ಕೊಲ್ಲುವುದಕ್ಕಿಂತ ಕಷ್ಟ.

ನಂಜನಗೂಡಿನಲ್ಲಿ ಇಳಿದು ದೇವಾಲಯದ ಕಡೆಗೆ ನಡೆಯುತ್ತಿದ್ದಾಗ ಹುಡುಗಿ ತಾನಾಗಿಯೇ ಒಂದು ವಿಷಯ ಹೇಳಿದಳು. ಪಾತಾಳಕ್ಕೆ ಬಿದ್ದ ಮಗುವನ್ನು ಮೊದಲು ಆದರಿಸುವವಳು ಮೇಕೆಯ ಮೊಗದ ಒಬ್ಬ ತಾಯಿ. ಮಗುವಿಗೆ ಕಡುಬಿನಂಥದೊಂದನ್ನು ಸುಟ್ಟುಕೊಟ್ಟು, ಹಾಸಿಗೆ ಹಾಸಿಕೊಟ್ಟು ಸಾಕುತ್ತಾಳೆ. ಹೊರಗೆ ಅಪಾಯವಿದೆಯೆಂದು ಹೋಗಗೊಡದೆ ಬಾಗಿಲಿಗೆ ಅಡ್ಡ ನಿಲ್ಲುತ್ತಾಳೆ. ಇವಳು ಮೊದಲನೆಯ ಸಲ ಆಡಿದಾಗ ಬೇರೆ ದಾರಿ ತೋಚದೆ ಅವಳನ್ನು ಹೊಡೆದುಬಿಟ್ಟಳಂತೆ. ಅವಳು ಸತ್ತಳು. ಹುಡುಗಿ ಅತ್ತು, ಆಟವನ್ನು ಹಿಂದಿನಿಂದ ಪುನಃ ಪ್ರಾರಂಭಿಸಿ, ಈ ಸಲ ಹೊಡೆಯದೆ ಸಹಿಸಿ, ಅವಳನ್ನು ಉಳಿಸಿದಳು. "ಆದರೆ ಮಾವ, ಮುಂದೆ ಒಂದು ದುಷ್ಟ ಹೂವು ಬರುತ್ತದೆ. ಅದಕ್ಕೆ ಗೊತ್ತಿತ್ತು. ನೀನು ಅವಳನ್ನು ಒಮ್ಮೆ ಕೊಂದಿದ್ದೆ, ಆಮೇಲೆ ಹಿಂದಿರುಗಿ ಬಂದೆ ಎಂದು ನನ್ನನ್ನು ಹಂಗಿಸಿತು. ನಾನು ಯಾರಿಗೂ ಹೇಳಿರಲಿಲ್ಲ."

ನಮ್ಮವರು ಚಿತ್ರಗುಪ್ತನನ್ನು ಯಮಪಟ್ಟಣದಲ್ಲಿ ಕೂರಿಸಿದರು; ಈ ಅಮೆರಿಕದವನು ಅವನನ್ನು ಒಂದು ಹೂವಿನೊಳಗೆ ಕೂರಿಸಿದ್ದಾನೆ. ಆಟದ ಕೊನೆಯ ಭಾಗದಲ್ಲಿ ಇನ್ನೊಂದು ಲೆಕ್ಕವೂ ಹೊರಬೀಳುತ್ತದೆಯಂತೆ. ಬೇರೆ ಆಟಗಳಲ್ಲಿ ಅನುಭವದ ಅಂಕವೆಂದು ಎಲ್ಲರೂ ಹೆಮ್ಮೆಯಿಂದ ಕೂಡಿಹಾಕುವ ಅಂಕಗಳಿವೆಯಲ್ಲ, ಇಲ್ಲಿ ಅವು ಕೊಲೆಯ ಲೆಕ್ಕವೆಂದೇ ತೀರ್ಪು ಹೇಳುವಾಗ ತಿಳಿಯುತ್ತದೆ.

ದೇವಾಲಯದ ಮುಂದೆ ನಿಂತೆವು. 120 ಅಡಿ ಎತ್ತರದ ಏಳಂತಸ್ತಿನ ಮಹಾದ್ವಾರಗೋಪುರ. ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿಯವರಾದ ದೇವರಾಜಮ್ಮಣ್ಣಿಯವರು ಇದನ್ನು 1845ರಲ್ಲಿ ಕಟ್ಟಿಸಿದರು. ಈ ದೊರೆಗಳ ಹೆಸರು ಬಂದ ಮೇಲೆ ಆಟದ ಪ್ರಸ್ತಾಪವನ್ನು ಬಿಡುವಂತೆಯೇ ಇಲ್ಲ. 1831ರಲ್ಲಿ ಇಂಗ್ಲಿಷರು ರಾಜ್ಯದ ಆಡಳಿತವನ್ನು ಅವರ ಕೈಯಿಂದ ಕಿತ್ತುಕೊಂಡರು, ಪಟ್ಟವಿತ್ತು, ಅಧಿಕಾರವಿರಲಿಲ್ಲ. 1868ರಲ್ಲಿ ಕಾಲವಾಗುವವರೆಗೆ ಅವರು ಕವಿಗಳನ್ನೂ ಚಿತ್ರಕಾರರನ್ನೂ ಸಾಕಿದರು, ಮತ್ತು ಆಟಗಳನ್ನು ಕಟ್ಟಿದರು. ಅವರು ಸಿದ್ಧಪಡಿಸಿದ ಶ್ರೀತತ್ತ್ವನಿಧಿ ಎಂಬ ಮಹಾಗ್ರಂಥದ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ಕೌತುಕನಿಧಿ ಆಟಗಳಿಗೇ ಮೀಸಲು. ಗಂಜೀಫಾ ಎಲೆಗಳಿಂದ ಅವರು ಹೊಸ ಹೊಸ ಆಟಗಳನ್ನು ಕಲ್ಪಿಸಿದರು. ಸಾಮಾನ್ಯವಾದ ದಶಾವತಾರ ಗಂಜೀಫಾದಲ್ಲಿ 120 ಎಲೆಗಳಿದ್ದರೆ ಇವರ ಚಾಮುಂಡೇಶ್ವರಿ ಛದದಲ್ಲಿ 320! ಚದುರಂಗದ ಕುದುರೆಯು 64 ಮನೆಗಳನ್ನೂ ಒಂದೊಂದೇ ಸಲ ಮುಟ್ಟಿಬರುವಂತೆ ನಡೆಸುವ ಕಠಿಣ ಸಮಸ್ಯೆಗೆ ಅವರು ಕೊಟ್ಟ ಪರಿಹಾರಗಳನ್ನು ಪಶ್ಚಿಮದ ಗಣಿತಜ್ಞರೂ ಮೆಚ್ಚಿಕೊಂಡಿದ್ದಾರೆ. ರಾಜ್ಯ ಕಳೆದುಕೊಂಡು ಆಟಕ್ಕೆ ಬಿದ್ದರೆಂದು ಹಗುರವಾಗಿ ಮಾತಾಡುವವರುಂಟು. ನನಗೆ ಹಾಗೆ ತೋರುವುದಿಲ್ಲ. ಹೊರಗಿನ ಯಾವ ತೀರ್ಮಾನವನ್ನೂ ಮಾಡಲು ಬಿಡದೆ ಒಬ್ಬ ಅರಸನನ್ನು ಕೂರಿಸಿದರೆ, ತೀರ್ಮಾನಗಳು ತನ್ನವೇ ಆಗಿರುವ ಒಂದು ಲೋಕವನ್ನು ಅವನು ಹಲಗೆಯ ಮೇಲಾದರೂ ಕಟ್ಟಿಕೊಳ್ಳುವುದು ಸಹಜವಲ್ಲವೆ?

ಒಳಗೆ ದರ್ಶನ ಸಾವಕಾಶವಾಗಿಯೇ ಆಯಿತು. ನಂಜನ್ನು ಉಂಡವನು ನಂಜುಂಡ. ಟಿಪ್ಪು ಸುಲ್ತಾನನ ಪಟ್ಟದಾನೆಗೆ ಹೋದ ಕಣ್ಣು ಬಂದಿತೆಂದೂ, ಅವನು ಹಕೀಮ ನಂಜುಂಡನೆಂದು ಕೊಂಡಾಡಿ ಪಚ್ಚೆಯ ಲಿಂಗವನ್ನು ಅರ್ಪಿಸಿದನೆಂದೂ ಇಲ್ಲಿಯ ಐತಿಹ್ಯ. ಹುಡುಗಿ ಕೇಳಿದ ಪ್ರಶ್ನೆ ಬೇರೆ: "ವಿಷ ಯಾರ ಮೇಲಾದರೂ ಬೀಳುತ್ತಿತ್ತಲ್ಲವೆ ಮಾವ? ದೇವರು ಅದನ್ನು ತಿರುಗಿ ಎಸೆಯಲಿಲ್ಲ, ಕುಡಿದುಬಿಟ್ಟ." ನಾನು ನಲವತ್ತು ವರ್ಷಗಳಿಂದ ಕೇಳಿಕೊಂಡು ಬಂದ ಕಥೆಯನ್ನು ಯಾರೂ ಹೀಗೆ ಹೇಳಿದ್ದಿಲ್ಲ.

ಹೊರಬಂದ ಮೇಲೆ ಹಣ್ಣಿನಂಗಡಿಯಲ್ಲಿ ರಸಬಾಳೆಗೆ ನಿಂತೆವು. ಅಂಗಡಿಯಾತನು ಚಿಪ್ಪನ್ನು ಕಾಗದದಲ್ಲಿ ಸುತ್ತುತ್ತ ರಾಕ್ಷಸ ಮಂಟಪದ ಕಡೆಯಿಂದ ಬಂದಿರೋ ಎಂದು ವಿಚಾರಿಸಿದನು. ಹುಡುಗಿಯ ಕಿವಿ ನಿಮಿರಿತು. ಪ್ರತಿ ಧನುರ್ಮಾಸದಲ್ಲಿ ಅಲ್ಲಿ ಅಂಧಕಾಸುರ ಸಂಹಾರವೆಂಬ ಉತ್ಸವ ನಡೆಯುತ್ತದೆ. ಬೀದಿಯಲ್ಲಿ ಅಸುರನ ಚಿತ್ರವನ್ನು ರಂಗವಲ್ಲಿಯಿಂದ ಬರೆದು, ದೇವರ ಉತ್ಸವಮೂರ್ತಿಯನ್ನು ಹೊತ್ತವರು ಅದನ್ನು ತುಳಿದು ಅಳಿಸುವರು. ಒಂದು ಊರು ತಾನೇ ದೇವರಾಗಿ, ತಾನೇ ಅಸುರನಾಗಿ ಆಡುವ ವೇಷದಾಟ ಅದು. 2023ರ ಡಿಸೆಂಬರಿನಲ್ಲಿ ಇದರ ವಿಷಯವಾಗಿ ಬೀದಿಯಲ್ಲಿಯೇ ಜಗಳವೂ ಆಯಿತು. ತುಳಿಯುತ್ತಿರುವುದು ನಾವು ಗೌರವಿಸುವ ಮಹಿಷನ ಚಿತ್ರವೆಂದು ಕೆಲವರು ಅಡ್ಡಬಂದರು. ಇದು ಅಂಧಕಾಸುರನ ಚಿತ್ರ, ಪರಂಪರೆಯಿಂದ ಬಂದ ಆಚರಣೆ ಎಂದು ಭಕ್ತರು ಪ್ರತಿಭಟಿಸಿದರು. ಅಸುರನಿಗೂ ಬಂಧುಗಳಿರಬಹುದು ಎಂಬ ಮಾತು ಬೀದಿಯಲ್ಲಿ ಹುಟ್ಟಿದರೆ ಹೀಗೆ ಕಾವೇರುತ್ತದೆ. ಆಟದೊಳಗಾದರೆ ಮಕ್ಕಳು ಅದನ್ನು ಸುಲಭವಾಗಿ ಒಪ್ಪಿಕೊಳ್ಳುತ್ತಾರೆ.

ಅಂಧಕನ ಕಥೆಯನ್ನು ಪುರಾಣಗಳು ಹೇಳುವ ರೀತಿ ವಿಚಾರಯೋಗ್ಯವಾಗಿದೆ. ಅವನ ರಕ್ತದ ಒಂದೊಂದು ತೊಟ್ಟು ನೆಲಕ್ಕೆ ಬಿದ್ದಾಗಲೂ ಒಬ್ಬೊಬ್ಬ ಹೊಸ ಅಂಧಕನು ಏಳುತ್ತಾನೆ, ಹೊಡೆದಷ್ಟೂ ಹೆಚ್ಚುತ್ತಾನೆ. ಕಡೆಗೆ ಶಿವನು ಅವನನ್ನು ಶೂಲಕ್ಕೇರಿಸಿ ಹಿಡಿದಾಗ ಅವನು ಒಣಗಿ, ಪಶ್ಚಾತ್ತಾಪಪಟ್ಟು, ಶಿವನನ್ನೇ ಸ್ತುತಿಸಿ, ಗಣಗಳಲ್ಲಿ ಒಬ್ಬನಾಗುತ್ತಾನೆಂದು ಹೇಳುವ ಪುರಾಣಗಳುಂಟು. ಇದನ್ನು ಹೇಳಿದಾಗ ಹುಡುಗಿ, "ಹಾಗಾದರೆ ಕಡೆಗೆ ಬಿಟ್ಟುಬಿಟ್ಟ!" ಎಂದು ಸಮಾಧಾನದ ಉಸಿರು ಬಿಟ್ಟಳು.

ಅಲ್ಲಿಂದ ನರಸೀಪುರಕ್ಕೆ ಬಸ್ಸು. ಆ ದಾರಿಯ ವರ್ಣನೆಯನ್ನು ಬೆಳೆಸುವುದಿಲ್ಲ. ಕಬ್ಬು, ಕೊಯ್ಲಾದ ಗದ್ದೆ, ಕಣಗಳಲ್ಲಿ ಹುಲ್ಲಿನ ಮೆದೆ, ಆಗಾಗ ತೆಂಗಿನ ಸಾಲುಗಳ ಸಂದಿನಿಂದ ಕಪಿಲೆಯ ಒಂದು ಮಿಂಚು. ನರಸೀಪುರದಲ್ಲಿ ಈ ಕಪಿಲೆ ಕಾವೇರಿಯನ್ನು ಸೇರುತ್ತದೆ. ಸ್ಫಟಿಕ ಸರೋವರವೆಂಬ ಕಣ್ಣಿಗೆ ಕಾಣದ ಮೂರನೆಯದೂ ಇಲ್ಲಿ ಕೂಡುವುದೆಂಬ ನಂಬಿಕೆಯಿಂದ ತ್ರಿವೇಣಿಯೆನ್ನಿಸಿಕೊಂಡಿದೆ. 1989ರಿಂದ ಇಲ್ಲಿ ಕುಂಭಮೇಳವೂ ನಡೆದುಬಂದಿದ್ದು, 2025ರ ಫೆಬ್ರವರಿಯಲ್ಲಿ ಮೂರು ದಿನ ಜನಸಾಗರವೇ ನೆರೆದಿತ್ತು. ನಾವು ಹೋದಾಗ ಸಂಗಮದಲ್ಲಿ ಬಟ್ಟೆ ಒಗೆಯುವ ನಾಲ್ವರು, ಈಜುವ ಎರಡು ಎಮ್ಮೆ, ಇಷ್ಟೇ.

ಗುಂಜಾನರಸಿಂಹನ ಗುಡಿಗೆ ಹೋದೆವು. ಈ ಸ್ವಾಮಿಯ ಕೈಯಲ್ಲಿ ಒಂದು ಗುಲಗಂಜಿಯಿದೆ. ಕಾಶಿಗಿಂತ ಈ ಕ್ಷೇತ್ರದ ಮಹಿಮೆ ಒಂದು ಗುಲಗಂಜಿಯ ತೂಕದಷ್ಟು ಹೆಚ್ಚು ಎಂಬುದು ಅದರ ಅರ್ಥ! ಎಂಥ ವಿನಯ, ಎಂಥ ತುಂಟತನ! ಕಾಶಿಗಿಂತ ನೂರ್ಮಡಿ ಹೆಚ್ಚೆಂದು ಬರೆದುಕೊಂಡಿದ್ದರೆ ಯಾರು ಕೇಳುತ್ತಿದ್ದರು? ಅಕ್ಕಸಾಲಿಗರು ಚಿನ್ನ ತೂಗುತ್ತಿದ್ದ ಕೆಂಪು ಮೈ ಕಪ್ಪು ಕಣ್ಣಿನ ಆ ಬೀಜವೇ ನಮ್ಮ ಅಳಗುಳಿಮಣೆಯ ಗುಳಿಗಳಲ್ಲಿಯೂ ಆಡುತ್ತಿತ್ತು. ಅದರೊಳಗೆ ಕಡುವಿಷವಿದೆಯೆಂಬುದನ್ನು ಮಾತ್ರ ಮಕ್ಕಳಿರುವ ಮನೆಯವರು ಮರೆಯಬಾರದು.

ಇನ್ನು ದೊಡ್ಡಪ್ಪನವರ ಮನೆ. ಇಲ್ಲಿ ಮನೆಯ ಸಂಗತಿಯೊಂದನ್ನು ಮುಚ್ಚಿಡದೆ ಹೇಳಬೇಕಾಗಿದೆ. ನಮ್ಮ ತಂದೆಯವರು ಮೂವರು ಅಣ್ಣತಮ್ಮಂದಿರು. ನಡುವಿನವರಾದ ನಮ್ಮ ತಂದೆ ಮೈಸೂರು ಸೇರಿ ಅಲ್ಲಿಯೇ ತೀರಿಕೊಂಡರು. ದೊಡ್ಡಪ್ಪನವರಿಗೂ ಚಿಕ್ಕಪ್ಪನವರಿಗೂ ಹನ್ನೊಂದು ವರ್ಷಗಳ ಹಿಂದೆ ಗದ್ದೆಯ ನೀರಿನ ಸರದಿಯಲ್ಲಿ ಮಾತು ಬೆಳೆದು ಪಾಲಾಯಿತು. ನಡುಮನೆಯನ್ನು ಸೀಳಿ ಗೋಡೆ ಬಂತು; ಹೊರಗಿನ ಜಗಲಿಯ ಮೇಲೂ ಮೊಳಕಾಲುದ್ದದ ಒಂದು ಗೋಡೆ ಎದ್ದಿತು. ಅದರ ಮೇಲೊಂದು ವ್ಯಾಜ್ಯ ಇನ್ನೂ ನಡೆಯುತ್ತಿದೆ. ಎಂಬತ್ತು ದಾಟಿದ ಅಣ್ಣ, ಎಪ್ಪತ್ತೈದು ದಾಟಿದ ತಮ್ಮ, ಬೆಳಿಗ್ಗೆ ಸಂಜೆ ಆ ಗೋಡೆಯ ಈಚೆ ಆಚೆ ಕೂತು ಬೀದಿಯನ್ನು ನೋಡುತ್ತಾರೆ. ಒಬ್ಬರೊಡನೊಬ್ಬರು ಮಾತಿಲ್ಲ. ನನ್ನಂಥವರು ಹೋದರೆ ಈ ಕಡೆ ಎಳ್ಳು ಕೊಟ್ಟು, ಬೀದಿಗಿಳಿದು, ಮತ್ತೆ ಹತ್ತಿ ಆ ಕಡೆ ಎಳ್ಳು ಕೊಡಬೇಕು.

ಜಗಲಿಯ ಹಾಸುಗಲ್ಲಿನ ಮೇಲೆ ಚೌಕಾಬಾರದ ಮನೆ ಕೆತ್ತಿದೆ. ಯಾವ ತಲೆಮಾರಿನವರ ಕೆಲಸವೋ, ಗೆರೆಗಳು ನುಣ್ಣಗೆ ಸವೆದಿವೆ. ಪಾಲಿನಲ್ಲಿ ಆ ಕಲ್ಲು ದೊಡ್ಡಪ್ಪನವರ ಕಡೆಗೆ ಬಿತ್ತು. ಅಜ್ಜಿಯ ಪೆಟ್ಟಿಗೆಯೊಡನೆ ಅದರಲ್ಲಿದ್ದ ಕವಡೆಗಳು ಚಿಕ್ಕಪ್ಪನವರ ಕಡೆಗೆ ಹೋದವು. ಅಂದಿನಿಂದ ಇವರು ಉಜ್ಜಿದ ಹುಣಸೆಬೀಜದಲ್ಲಿ ಆಡುತ್ತಾರೆ. ಅವರು ಕವಡೆಯಿಟ್ಟುಕೊಂಡು ಆಡದೆ ಇದ್ದಾರೆ.

ಊಟವಾಯಿತು, ಅವರೆಕಾಯಿ ಸಾರು, ಮುದ್ದೆ. ದೊಡ್ಡಪ್ಪನವರು ಹುಡುಗಿಯ ಯಂತ್ರವನ್ನು ನೋಡಿ, "ಅದೇನವ್ವ ಅದರಾಗೆ, ತೋರ್ಸು" ಎಂದರು. ಅವಳು ಇಂಗ್ಲಿಷಿನ ಮಾತುಗಳನ್ನೆಲ್ಲ ಕನ್ನಡದಲ್ಲಿ ಹೇಳುತ್ತ ಆಡಿ ತೋರಿಸಿದಳು. ಅಸ್ಥಿಪಂಜರಗಳು ಇಬ್ಬರು, ಅಣ್ಣತಮ್ಮಂದಿರು. ಒಬ್ಬನು ಸದಾ ಓಡಾಡುವವನು. ಇನ್ನೊಬ್ಬನು ಮಹಾ ಸೋಮಾರಿ, ಮೂಳೆಯ ಮೇಲೆ ಶ್ಲೇಷೆ ಮಾಡುವುದೇ ಅವನ ಉದ್ಯೋಗ. ಆ ಶ್ಲೇಷೆಗಳನ್ನು ಕನ್ನಡಿಸಲಾರದೆ ಅವಳು, "ಒಬ್ಬ ಬರೀ ಮೂಳೆ ತಾತ, ಇನ್ನೊಬ್ಬ ಮೂಳೆಯೂ ಹೌದು, ಮೂಳನೂ ಹೌದು" ಎಂದಳು. ದೊಡ್ಡಪ್ಪನವರು ಕೆಮ್ಮು ಬರುವಷ್ಟು ನಕ್ಕರು. ಆಮೇಲೆ ಗಂಭೀರವಾಗಿ, "ಇಬ್ಬರೂ ಒಂದೇ ಮನೇಲವ್ರೋ? ಇನ್ನೂ ಪಾಲಾಗಿಲ್ವೋ?" ಎಂದು ಕೇಳಿದರು.

ಗೋಡೆಯಾಚೆ ಯಾರೋ ಕೆಮ್ಮಿದ ಸದ್ದಾಯಿತು. ಅದು ಕೆಮ್ಮೋ ನಗೆಯೋ ಎಂದು ನಾನು ಅತ್ತ ನೋಡಲಿಲ್ಲ.

"ಯಾರನ್ನೂ ಹೊಡೀದೆ ಗೆಲ್ಲೋದು ಒಂದು ಆಟವಾ? ಬಾ, ನಮ್ಮದನ್ನ ಕಲಿ" ಎಂದು ದೊಡ್ಡಪ್ಪನವರು ಹುಣಸೆಬೀಜ ತೆಗೆದರು. ಚೌಕಾಬಾರವನ್ನು ಮರೆತಿರಬಹುದಾದ ಪಟ್ಟಣದವರಿಗೆ ಜ್ಞಾಪಿಸುತ್ತೇನೆ: ಐದೈದರ ಇಪ್ಪತ್ತೈದು ಮನೆ, ಹೊರಸುತ್ತಿನಲ್ಲಿ ಹದಿನಾರು, ಒಳಸುತ್ತಿನಲ್ಲಿ ಎಂಟು, ನಡುವೆ ಒಂದು. ನಾಲ್ವರಿಗೆ ನಾಲ್ಕು ನಾಲ್ಕು ಕಾಯಿ. ಕವಡೆ ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲಾದರೆ ಬಾರ, ಎಂದರೆ ಎಂಟು. ಕಟ್ಟೆಯ ಮೇಲೆ ಕೂತ ಕಾಯಿಯನ್ನು ಯಾರೂ ಮುಟ್ಟುವಂತಿಲ್ಲ. ಉಳಿದೆಡೆ ಸಿಕ್ಕಿದರೆ ಕಡಿಯಬಹುದು. ಕಡಿಸಿಕೊಂಡ ಕಾಯಿ ಮೊದಲಿನಿಂದ ಬರಬೇಕು. ನಡುಮನೆ ಸೇರಿದ ಕಾಯಿ ಹಣ್ಣಾಗುತ್ತದೆ. 1896ರಲ್ಲಿ ಇಂಗ್ಲೆಂಡಿನಲ್ಲಿ ಲೂಡೊ ಎಂಬ ಹೆಸರಿನಿಂದ ಪೇಟೆಂಟಾದ ಆಟ ನಮ್ಮ ಪಗಡೆಯ ಮರಿ. ಚೌಕಾಬಾರವೂ ಅದೇ ಬಳಗದ್ದು. ಆದರೆ ಚೌಕಾಬಾರದಲ್ಲಿ ಒಂದು ಕಠಿಣ ನಿಯಮವುಂಟು. ಎದುರಾಳಿಯ ಕಾಯಿಯನ್ನು ಒಂದಾದರೂ ಕಡಿಯದ ಹೊರತು ಒಳಸುತ್ತಿಗೆ ಪ್ರವೇಶವಿಲ್ಲ.

ಇದೇ ನಿಯಮದಲ್ಲಿ ಹುಡುಗಿಗೂ ದೊಡ್ಡಪ್ಪನವರಿಗೂ ಬಂತು. ಅವಳು ಕಡಿಯಲೊಲ್ಲಳು. ಎದುರಿಗೆ ಕಾಯಿ ಸಿಕ್ಕಿದರೂ ಬೇರೆ ಕಾಯಿ ನಡೆಸುತ್ತಾಳೆ. ಅವಳ ನಾಲ್ಕು ಕಾಯಿಗಳೂ ಗಾಣದೆತ್ತಿನಂತೆ ಹೊರಸುತ್ತಿನಲ್ಲಿಯೇ ಸುತ್ತತೊಡಗಿದವು. ನಾನೂ ಒಂದು ಕಡೆ ಕೂತಿದ್ದೆ. ನನ್ನ ಕಾಯಿ ಮೂರು ಹಣ್ಣಾದರೂ ಅವಳದು ಸುತ್ತುತ್ತಲೇ ಇತ್ತು.

"ಕಡೀದೆ ಒಳಕ್ಕೆ ಹೋಗಂಗಿಲ್ಲ ಕಣವ್ವ."

"ಯಾಕೆ ತಾತ?"

"ಯಾಕೆ ಅಂದ್ರೆ? ಆಟ ಇರೋದೇ ಹಂಗೆ."

"ನನ್ನ ಆಟದಲ್ಲಿ ಹಾಗಿಲ್ಲ."

ಆಗ ಗೋಡೆಯಾಚೆಯಿಂದ, ಯಾರಿಗೂ ಅಲ್ಲದೆ ಬೀದಿಯ ಬೇವಿನಮರಕ್ಕೆ ಹೇಳಿದಂತೆ, ಒಂದು ಮಾತು ಬಂತು: "ಅವ್ವ ಬಿಡ್ತಿದ್ಲು. ಚಿಕ್ಕ ಮಕ್ಕಳಿಗೆ ಕಡ್ತ ಬೇಕಿರಲಿಲ್ಲ."

ದೊಡ್ಡಪ್ಪನವರು ಕೈಯಲ್ಲಿದ್ದ ಬೀಜಗಳನ್ನು ಕುಲುಕುತ್ತ ಸುಮ್ಮನಿದ್ದರು. ಬಳಿಕ ಹುಡುಗಿಯ ಮುಖ ನೋಡಿ, "ಐದು ವರ್ಷದೊಳಗಿನವರಿಗೆ ಅಂತ ಹೇಳು ಅವನಿಗೆ" ಎಂದರು. ಹುಡುಗಿ ಗೋಡೆಯ ಮೇಲಿಂದ ಇಣುಕಿ ಹಾಗೆಯೇ ಹೇಳಿದಳು. "ಏಳು ವರ್ಷ. ನಂಗೆ ಏಳಾಗೋವರೆಗೂ ಬಿಟ್ಟಿದ್ಲು. ಇವನಿಗೆ ಅದಕ್ಕೇ ಹೊಟ್ಟೆಕಿಚ್ಚು" ಎಂದು ಉತ್ತರ ಬಂತು. ಹೀಗೆ ಹತ್ತು ನಿಮಿಷ, ಹದಿಮೂರು ವರ್ಷದ ರಾಯಭಾರಿಯ ಮೂಲಕ, ಎಪ್ಪತ್ತು ವರ್ಷಗಳ ಹಿಂದಿನ ನಿಯಮವೊಂದರ ವಿಚಾರಣೆ ನಡೆಯಿತು. ಒಬ್ಬರೂ ಇನ್ನೊಬ್ಬರೊಡನೆ ಮಾತಾಡಲಿಲ್ಲ. ಆದರೆ ಮಾತು ನಿಲ್ಲಲೂ ಇಲ್ಲ.

"ನಾಲ್ಕು ಜನ ಬೇಕಲ್ಲವೆ ತಾತ? ನಾವು ಮೂವರೇ ಇದ್ದೇವೆ" ಎಂದಳು ಹುಡುಗಿ. ಅವಳು ಯುಕ್ತಿಯಿಂದ ಹೇಳಿದಳೋ ಲೆಕ್ಕದಿಂದ ಹೇಳಿದಳೋ! ನಾನು ಕಾಯಿಗಳನ್ನು ಪುನಃ ಹೂಡಿದೆನು. ಸ್ವಲ್ಪ ಹೊತ್ತಿಗೆ ಆ ಕಡೆಯ ಒಳಮನೆಯಲ್ಲಿ ಪೆಟ್ಟಿಗೆ ತೆರೆದ ಸದ್ದು ಕೇಳಿಸಿತು. ಚಿಕ್ಕಪ್ಪನವರು ಜಗಲಿಯಿಂದ ಇಳಿದು, ಬೀದಿಯಲ್ಲಿ ನಾಲ್ಕು ಹೆಜ್ಜೆ ನಡೆದು, ನಮ್ಮ ಜಗಲಿಯನ್ನು ಹತ್ತಿ, ಅಣ್ಣನಿಗೆ ಎದುರಲ್ಲದ ಒಂದು ಬದಿಯಲ್ಲಿ ಕುಳಿತರು. ಅಂಗೈಯಲ್ಲಿ ನಾಲ್ಕು ಕವಡೆ. ಸವೆದು ಹಲ್ಲಿನಂತೆ ಹಳದಿಯಾಗಿದ್ದವು. ಅವನ್ನು ಕಲ್ಲಿನ ಮೇಲೆ ಬಿಟ್ಟರು. ದೊಡ್ಡಪ್ಪನವರು ಹುಣಸೆಬೀಜಗಳನ್ನು ಬೀದಿಗೆ ಎಸೆದರು.

ಇಲ್ಲಿ ಅವರಿಬ್ಬರೂ ಕಣ್ಣೀರಿಟ್ಟು ಆಲಿಂಗಿಸಿಕೊಂಡರೆಂದು ಬರೆದರೆ ಕೆಲವರು ವಾಚಕರಿಗೆ ತೃಪ್ತಿಯಾದೀತು. ನಡೆದದ್ದು ಅದಲ್ಲ. ನಾಲ್ಕನೆಯ ಸುತ್ತಿನಲ್ಲಿ ದೊಡ್ಡಪ್ಪನವರ ಮುಂದಿನ ಕಾಯಿ ಕಟ್ಟೆಗೆ ಒಂದೇ ಮನೆ ಈಚೆ ನಿಂತಿತ್ತು. ಚಿಕ್ಕಪ್ಪನವರಿಗೆ ಮೂರು ಬಿತ್ತು. ಆ ಕಾಯಿ ಸರಿಯಾಗಿ ಮೂರನೆಯ ಮನೆಯಲ್ಲಿತ್ತು. ಹುಡುಗಿ ಉಸಿರು ಬಿಗಿಹಿಡಿದು, "ಬೇಡ ಚಿಕ್ಕತಾತ, ಬಿಟ್ಟುಬಿಡಿ" ಎಂದು ಬೇಡಿಕೊಂಡಳು. ನಾನೂ ಮನಸ್ಸಿನಲ್ಲಿ ಅದನ್ನೇ ಬೇಡುತ್ತಿದ್ದೆನು. ಚಿಕ್ಕಪ್ಪನವರು ಒಂದು ಗಳಿಗೆಯೂ ಯೋಚಿಸದೆ ಕಡಿದರು! ಕಡಿದು, ಆ ಕಾಯಿಯನ್ನು ಬೆರಳಿನಿಂದ ಚಿಮ್ಮಿದರು.

ದೊಡ್ಡಪ್ಪನವರ ಮುಖ ಅರಳಿತು. "ಥೂ ಕಳ್ಳ! ಆಗಲೂ ಹಿಂಗೇ ಕಡೀತಿದ್ದ, ಹೊಂಚು ಹಾಕ್ಕೊಂಡು ಕೂತಿರ್ತಿದ್ದ" ಎಂದು ತೊಡೆ ತಟ್ಟಿದರು. ಆ ಮಾತನ್ನು ಅವರು ಹುಡುಗಿಗೆ ಹೇಳಲಿಲ್ಲ, ನನಗೂ ಹೇಳಲಿಲ್ಲ. ತಮ್ಮನ ಮುಖಕ್ಕೇ ಹೇಳಿದರು. "ನೀನೇನು ಕಮ್ಮಿಯಾ ಅಣ್ಣಯ್ಯ, ಆ ಯುಗಾದೀಲಿ ಮೂರು ಕಾಯಿ ಕಡೀಲಿಲ್ವ" ಎಂದರು ಚಿಕ್ಕಪ್ಪ.

ಹುಡುಗಿಗೆ ಇದು ಸ್ವಲ್ಪ ವಿಚಿತ್ರವಾಗಿಯೇ ತೋರಿತು. ಆ ರಾತ್ರಿ ಅವಳು ನನ್ನೊಡನೆ ವಾದಿಸಿದಳು: ಕಡಿದರೆ ಕೋಪ ಬರಬೇಕಲ್ಲವೆ ಎಂದು. ನನಗೆ ತೋಚಿದ್ದನ್ನು ಹೇಳಿದೆನು. ಅವಳ ಆಟದಲ್ಲಿ ಹೊಡೆತ ನಿಜವೆನ್ನಿಸುವಂತೆ ಕಟ್ಟಿದ್ದಾರೆ. ಅದಕ್ಕೇ ಅಲ್ಲಿ ಬಿಟ್ಟುಬಿಡುವುದಕ್ಕೆ ಬೆಲೆಯುಂಟು. ಈ ಕಲ್ಲಿನ ಮೇಲಾದರೋ ಕಡಿತವು ಹೊಡೆತವಲ್ಲ. ನೀನು ಎಲ್ಲಿ ಕೂತಿದ್ದೀಯೆಂದು ನಾನು ನೋಡುತ್ತಲೇ ಇದ್ದೇನೆ ಎಂದು ಹೇಳುವ ಒಂದು ರೀತಿ. ಹನ್ನೊಂದು ವರ್ಷ ಇವರು ಒಬ್ಬರನ್ನೊಬ್ಬರು ಕಡಿಯದೆ ಇದ್ದರಲ್ಲ, ಅದನ್ನು ದಯೆಯೆಂದು ಯಾರು ಹೇಳುತ್ತಾರೆ? ಅವಳು ಪೂರ್ತಿಯಾಗಿ ಒಪ್ಪಲಿಲ್ಲ. "ಅವರು ಕೋರ್ಟಿನಲ್ಲಿ ಕಡಿಯುತ್ತಿದ್ದರಲ್ಲ ಮಾವ" ಎಂದಳು. ನಾನು ದೀಪ ಆರಿಸಿದೆನು.

ಮಾರನೆಯ ಬೆಳಿಗ್ಗೆ ಬಸ್ಸಿಗೆ ಮುಂಚೆ ಅವಳು ಯಂತ್ರದ ಆಟವನ್ನು ಮುಗಿಸಿದಳು. ಕೊನೆಯ ಯುದ್ಧವನ್ನು ನೋಡಲು ಇಬ್ಬರು ಮುದುಕರೂ ಅವಳ ಎಡಬಲದಲ್ಲಿ ಕೂತಿದ್ದರು. ಅವಳು ಒಬ್ಬರನ್ನೂ ಕೊಲ್ಲಲಿಲ್ಲ. ಪಾತಾಳದ ಬಾಗಿಲು ತೆರೆದು ಎಲ್ಲರೂ ಸೂರ್ಯನ ಬೆಳಕಿಗೆ ಬಂದರು. ಮೇಕೆಮೊಗದ ತಾಯಿಯೂ ಇದ್ದಳು. ಚಿಕ್ಕಪ್ಪನವರು, "ಆ ಶಾವಿಗೆ ಮಾಡೋನು ಬಂದ್ನಾ?" ಎಂದು ಕೇಳಿ, ಬಂದನೆಂದು ತಿಳಿದ ಮೇಲೆ ಎಲೆಯಡಿಕೆಗೆ ಕೈ ಹಾಕಿದರು.

ಜಗಲಿಯ ಗೋಡೆ ನಾವು ಹೊರಟಾಗ ಇದ್ದಲ್ಲಿಯೇ ಇತ್ತು. ವ್ಯಾಜ್ಯದ ಮುಂದಿನ ತಾರೀಖೂ ಹಾಗೆಯೇ ಇತ್ತು. ಕಲ್ಲಿನ ಮೇಲಿನ ಆಟ ಮಾತ್ರ ಮುಗಿದಿರಲಿಲ್ಲ. ಹಿಂದಿನ ದಿನ ಕತ್ತಲಾಗಿ ಅರ್ಧಕ್ಕೆ ನಿಂತಿತ್ತು. ಹುಡುಗಿಯ ಕಾಯಿಗಳನ್ನು ಯಾರು ನಡೆಸಬೇಕೆಂದು ಸ್ವಲ್ಪ ಚರ್ಚೆಯಾಗಿ, ಅಣ್ಣನೇ ನಡೆಸುವುದೆಂದೂ, ಅವಳ ಕಾಯಿಗಳಿಗೆ ಮಾತ್ರ ಕಡಿತವಿಲ್ಲದೆ ಒಳದಾರಿ ಉಂಟೆಂದೂ ತೀರ್ಮಾನವಾಯಿತು. ಕೋಳಿಗಳು ಕಾಯಿ ಕದಲಿಸದಂತೆ ದೊಡ್ಡಪ್ಪನವರು ಅದರ ಮೇಲೆ ಒಂದು ಮಂಕರಿಯನ್ನು ಬೋರಲು ಹಾಕಿದರು. ಕವಡೆಗಳೂ ಅದರೊಳಗೇ ಇದ್ದವು.